ಹುಲ್ಲಿನಲ್ಲಿ ಮೂರು ಬಳೆ

ಕಾರವಾರ
12 ನವೆಂಬರ್ 2024

ಗೋದಕ್ಕನಿಗೆ ಬೇಬಿಯ ನಮಸ್ಕಾರ.

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ನಿಮಗೆ ಕೇಳಿಸುವಷ್ಟು ಕೂಗಿದರೆ ನಿಮ್ಮ ತಮ್ಮನಿಗೂ ಕೇಳಿಸುತ್ತದೆ, ಆಚೆಮನೆಯವರಿಗೂ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಹಾಕೋಣವೆಂದರೆ ಮೊದಲು ಓದುವವಳು ನಿಮ್ಮ ಸೊಸೆ. ನೀತಾ ಒಳ್ಳೆಯವಳೇ, ಆದರೂ ಕೆಲವು ಮಾತು ನಿಮ್ಮ ಕೈಗೇ ಸಿಗಲಿ ಅನ್ನಿಸಿತು.

ವಿಷಯ ದೊಡ್ಡದೇನಲ್ಲ. ನಮ್ಮ ಲಾನ್ ಸಾಯುತ್ತಿದೆ.

ನಗಬೇಡಿ. ಹಿತ್ತಲಲ್ಲಿ ಬಸಳೆ ಹಾಕುವುದು ಬಿಟ್ಟು ದುಡ್ಡು ಕೊಟ್ಟು ಹುಲ್ಲು ಬೆಳೆಸುತ್ತಾರಲ್ಲ ಎಂದು ನೀವು ಹೋದ ಸಲ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಕ್ಕದ್ದು ನನಗೆ ನೆನಪಿದೆ. ಆದರೆ ಸರ್ವೇ ಇಲಾಖೆಯಿಂದ ರಿಟೈರಾದ ಮೇಲೆ ಇವರು ಹೇಗಾಗಿದ್ದರು ಎಂದು ನೀವೇ ನೋಡಿದ್ದೀರಿ. ಊರವರ ಜಾಗವನ್ನೆಲ್ಲ ಅಳೆದ ಮನುಷ್ಯ ಮಂಚದ ಉದ್ದಗಲ ಬಿಟ್ಟು ಏಳುತ್ತಿರಲಿಲ್ಲ. ಆಗ ನಮ್ಮ ದೀಕ್ಷಾ ಹುಬ್ಬಳ್ಳಿಯಿಂದ ಬಂದವಳು, ಅಪ್ಪನಿಗೆ ಒಂದು ಕೆಲಸ ಬೇಕು ಎಂದು ಅಂಗಳಕ್ಕೆಲ್ಲ ಮೆಕ್ಸಿಕನ್ ಹುಲ್ಲು ಹಾಕಿಸಿ ಹೋದಳು. ಮಗಳ ಮಾತು ಸುಳ್ಳಾಗಲಿಲ್ಲ. ಅಂದಿನಿಂದ ಬೆಳಿಗ್ಗೆ ಎದ್ದು ಕಳೆ ಕೀಳುತ್ತಾರೆ, ಸಂಜೆ ಪೈಪು ಹಿಡಿದು ನೀರು ಬಿಡುತ್ತಾರೆ, ಅದಕ್ಕಾಗಿಯಾದರೂ ಸ್ನಾನ ಮಾಡಿ ಅಂಗಿ ಹಾಕಿಕೊಳ್ಳುತ್ತಾರೆ. ಈ ಹುಲ್ಲು ಹೋದರೆ ಇವರು ಮತ್ತೆ ಮಂಚ ಹಿಡಿಯುತ್ತಾರೆ, ಗೋದಕ್ಕ. ನನ್ನ ಹೆದರಿಕೆ ಅಷ್ಟೇ. ಇನ್ನೊಮ್ಮೆ ಅವರನ್ನು ಎಬ್ಬಿಸುವ ತ್ರಾಣ ನನ್ನಲ್ಲಿಲ್ಲ.

ಮಳೆ ಹೋದ ಮೇಲೆ ಬಾವಿಯ ಹತ್ತಿರ ಹುಲ್ಲು ಹಳದಿಯಾಗಿ, ಆಮೇಲೆ ಕಂದಾಗಿ, ಈಗ ಸುಟ್ಟ ಹಾಗೆ ಆಗಿದೆ. ನಿಮ್ಮ ಗದ್ದೆಯಲ್ಲಿ ಹೀಗೇನಾದರೂ ಕಂಡದ್ದಿದೆಯೇ? ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ.

ಹೋದ ತಿಂಗಳು ಇವರ ಕೈಯಲ್ಲಿ ನೀವು ಕಳಿಸಿದ ಸಾಣಿಕಟ್ಟೆ ಉಪ್ಪಿನ ಚೀಲ ಮುಟ್ಟಿತು. ಅಷ್ಟೊಂದು ಯಾಕೆ ಕಳಿಸಿದಿರಿ? ಇಲ್ಲಿ ಇರುವವರು ಇಬ್ಬರು, ಇಬ್ಬರಿಗೂ ಬಿಪಿ.

ನಿಮ್ಮ
ಬೇಬಿ


ಭಾವಿಕೇರಿ
20 ನವೆಂಬರ್ 2024

ಬೇಬಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ನನ್ನ ಹೆಸರಿಗೆ ಕಾಗದ ಬಂದು ಎಷ್ಟು ಕಾಲವಾಯಿತೋ. ಪೋಸ್ಟಿನವನು ಎರಡು ಸಲ ಹೆಸರು ಓದಿ ಕೊಟ್ಟ. ನೀತಾ ಏನೂ ಕೇಳಲಿಲ್ಲ. ಈ ಉತ್ತರವನ್ನು ಅವಳೇ ಅಂಕೋಲೆಗೆ ಕೆಲಸಕ್ಕೆ ಹೋಗುವಾಗ ಡಬ್ಬಿಗೆ ಹಾಕುತ್ತಾಳೆ, ಅದಕ್ಕೇ ಅಂಟು ಜಾಸ್ತಿ ಹಚ್ಚಿದ್ದೇನೆ.

ಹುಲ್ಲು ಸತ್ತರೆ ನಾಯಿಯ ಕೆಲಸ, ಬರೆದಿಟ್ಟುಕೋ. ಆಚೆಮನೆಯವರ ಆ ಬಿಳಿ ನಾಯಿ ನಿಮ್ಮ ಗೇಟಿನೊಳಗೇ ಇರುತ್ತದೆ. ನಾಯಿ ಉಚ್ಚೆ ಹೊಯ್ದಲ್ಲಿ ಯಾವ ಹುಲ್ಲೂ ಉಳಿಯುವುದಿಲ್ಲ. ನಾಯಿ ಅಲ್ಲವೆಂದಾದರೆ ಗೊಣ್ಣೆಹುಳ. ಸತ್ತ ಹುಲ್ಲನ್ನು ಹಿಡಿದು ಎಳೆದು ನೋಡು. ಬೇರಿಲ್ಲದೆ ಚಾಪೆ ಎದ್ದ ಹಾಗೆ ಎದ್ದುಬಂದರೆ ಕೆಳಗೆ ಬಿಳಿ ಹುಳ ಮುದುಡಿಕೊಂಡು ಮಲಗಿರುತ್ತದೆ. ಗಟ್ಟಿ ಹಿಡಿದುಕೊಂಡಿದ್ದರೆ ಹುಳವಿಲ್ಲ. ನಮ್ಮಲ್ಲಿ ಶೇಂಗಾಕ್ಕೆ ಬಿದ್ದಾಗ ಹೀಗೇ ನೋಡುತ್ತಿದ್ದೆವು.

ಉಪ್ಪಿನ ಮಾತು ಬರೆದಿದ್ದೀಯಲ್ಲ, ಬೇಕು ಎಂದು ಬಂದದ್ದಕ್ಕೆ ಕೊಟ್ಟೆ. ಕೊಟ್ಟದ್ದೂ ತಪ್ಪೇ?

ತಮ್ಮ ರಾಮ ಬಂದಿದ್ದ ದಿನ ಚೆನ್ನಾಗಿ ಉಂಡ. ನುಗ್ಲಿ ಮೀನಿನ ಸಾರು ಮಾಡಿದ್ದೆ. ಹಳೆಯದೆಲ್ಲ ಮಾತಾಡಿದ. ಅವನ ಬಗ್ಗೆ ನೀನು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ವಯಸ್ಸಾಯಿತಲ್ಲ.

ಗೋದಾವರಿ


ಕಾರವಾರ
5 ಡಿಸೆಂಬರ್ 2024

ಗೋದಕ್ಕಾ,

ನಾಯಿಯಲ್ಲ. ಆಚೆಮನೆಯವರು ಊರಿಗೆ ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿದ್ದರು. ಅದು ಇಲ್ಲದಾಗಲೇ ಗೇಟಿನ ಹತ್ತಿರ ಇನ್ನೊಂದು ಕಲೆ ಎದ್ದಿತು. ಪಾಪ, ಅದಕ್ಕೆ ಅಲ್ಲಿಯವರೆಗೆ ಕೋಲು ತೋರಿಸಿದ್ದೇ ಬಂತು.

ಹುಳವೂ ಅಲ್ಲ. ನೀವು ಹೇಳಿದ ಹಾಗೆ ಮಂಡಿಯೂರಿ ಎಳೆದು ನೋಡಿದೆ. ಹುಲ್ಲು ಸತ್ತಿದೆ, ಬೇರು ಮಾತ್ರ ನೆಲ ಬಿಡುವುದಿಲ್ಲ. ಏಳುವಾಗ ನನ್ನ ಸೊಂಟವೇ ಹಿಡಿದುಕೊಂಡಿತು. ಇವರು ಜಗಲಿಯಿಂದ ನೋಡುತ್ತಿದ್ದವರು, "ಎಂತಾ ಹುಡುಕ್ತಿದ್ಯೆ ಅಲ್ಲಿ?" ಎಂದು ಕೇಳಿದರು. ಹುಲ್ಲು ಯಾಕೆ ಸಾಯುತ್ತಿದೆ ಎಂದು ನೋಡುತ್ತಿದ್ದೇನೆ ಎಂದೆ. "ಸಾಯೂದೆಲ್ಲಿ, ಚಂದಾಗಿ ಅದೆಯಲ್ಲ" ಅಂದರು. ಇಷ್ಟು ಪ್ರೀತಿಯಿಂದ ಸಾಕಿದವರಿಗೆ ಕಣ್ಣೆದುರಿನ ಕಲೆ ಕಾಣುತ್ತಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಈಗ ಸರಿಯಾಗಿ ನೋಡಿದ ಮೇಲೆ ಒಂದು ವಿಚಿತ್ರ ಕಂಡಿತು. ಕಲೆ ಎಂದರೆ ಪೂರ್ತಿ ಕಲೆಯಲ್ಲ, ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿದೆ. ನಡುವೆ ಹುಲ್ಲು ಹಸಿರಾಗಿಯೇ ಇದೆ, ಹೊರಗೂ ಹಸಿರು. ಎರಡರ ನಡುವಿನ ಸುತ್ತು ಮಾತ್ರ ಸುಟ್ಟದ್ದು. ನಮ್ಮ ಮಂಚ ಹಿಡಿಸುವಷ್ಟು ದೊಡ್ಡ ಬಳೆ. ಬಾವಿಯ ಹತ್ತಿರದ್ದೂ ಹಾಗೇ, ಗೇಟಿನದ್ದೂ ಹಾಗೇ.

ಅವರ್ಸಾದ ನರ್ಸರಿಯಿಂದ ಗಣೇಶ ಎಂಬವರನ್ನು ಕರೆಸಿದೆ. ಅವರು ಫೋಟೋ ತೆಗೆದುಕೊಂಡು, ಮಣ್ಣು ಮೂಸಿ, ಇದು ಅಣಬೆ ರೋಗ, ಮಣ್ಣಿನೊಳಗೆ ಅಣಬೆಯ ಬೇರು ಸುತ್ತ ಹಬ್ಬುತ್ತದೆ, ಬಳೆಯಂತೆ ಸತ್ತರೆ ಅದೇ, ಬೇರೆ ಅಲ್ಲವೇ ಅಲ್ಲ ಎಂದರು. ಔಷಧ ಹೊಡೆದು ಹೋಗಿದ್ದಾರೆ. ಮನೆಯೆಲ್ಲ ವಾಸನೆ. ಇವರು ಊಟ ಬಿಟ್ಟರು.

ಗೋದಕ್ಕಾ, ಇವರು ಮತ್ತೆ ಒಂದು ಚೀಲ ಉಪ್ಪು ಹೊತ್ತುಕೊಂಡು ಬಂದಿದ್ದಾರೆ. ಉಪ್ಪಿನಕಾಯಿಯ ಕಾಲವೂ ಅಲ್ಲ. ದಯವಿಟ್ಟು ಇನ್ನು ಕಳಿಸಬೇಡಿ. ಮೊದಲಿನ ಚೀಲ ಎಲ್ಲಿ ಹೋಯಿತೋ ನನಗೆ ಕಾಣುತ್ತಿಲ್ಲ, ಎಲ್ಲೋ ಸರಿಸಿಟ್ಟಿರಬೇಕು.

ಬೇಬಿ


ಭಾವಿಕೇರಿ
16 ಡಿಸೆಂಬರ್ 2024

ಬೇಬಿಗೆ ಆಶೀರ್ವಾದ.

ಅಣಬೆಯಂತೆ! ಡಿಸೆಂಬರಿನ ಒಣ ಹವೆಯಲ್ಲಿ ಯಾವ ಅಣಬೆ? ಮಳೆಗಾಲದಲ್ಲಿ ಚೆನ್ನಾಗಿದ್ದ ಹುಲ್ಲಿಗೆ ಮಳೆ ಹೋದ ಮೇಲೆ ಬೂಷ್ಟು ಬರುತ್ತದೆಯೇ? ಆ ಗಣೇಶನಿಗೆ ಔಷಧ ಖರ್ಚಾಗಬೇಕಿತ್ತು ಅಷ್ಟೆ.

ನಾನು ಹೇಳುತ್ತೇನೆ ಕೇಳು, ಸಿಟ್ಟು ಮಾಡಿಕೊಳ್ಳಬೇಡ. ಗೊಬ್ಬರ ಹಾಕುವುದು ನೀನಲ್ಲವೇ? ಯೂರಿಯಾ ಮುಷ್ಟಿ ಮುಷ್ಟಿ ಬೀರಿದರೆ ಹುಲ್ಲು ಸುಡದೆ ಇನ್ನೇನಾಗುತ್ತದೆ? ನಿನಗೆ ಮೊದಲಿನಿಂದಲೂ ಎಲ್ಲದರಲ್ಲೂ ಕೈ ಜೋರು. ಸಾರಿಗೆ ಹುಳಿಯೂ ಹಾಗೇ. ಗಂಡ ಸುಮ್ಮನೆ ಕೂತರೆ ಮಂಚ ಹಿಡಿದ ಅನ್ನುತ್ತೀ, ಎದ್ದು ಓಡಾಡಿದರೆ ಕಣ್ಣು ಕಾಣುವುದಿಲ್ಲ ಅನ್ನುತ್ತೀ. ಅವನನ್ನು ಅವನ ಪಾಡಿಗೆ ಬಿಡು.

ಉಪ್ಪು ನಾನಾಗಿ ಕಳಿಸುತ್ತಿಲ್ಲ. ಬೇಬಿಗೆ ಬೇಕಂತೆ ಎಂದುಕೊಂಡು ಕೊಡುತ್ತಿದ್ದೇನೆ. ಬೇಡವಾದರೆ ಗಂಡನಿಗೆ ಹೇಳು.

ಗೋದಾವರಿ


ಕಾರವಾರ
27 ಜನವರಿ 2025

ಗೋದಕ್ಕನಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ಕಳಿಸಲಿಲ್ಲ. ನಿಮಗೆ ಗೊತ್ತಾಗಿರಬೇಕು.

ಲಾನಿಗೆ ನಾನು ಒಂದು ಕಾಳು ಯೂರಿಯಾ ಹಾಕಿದವಳಲ್ಲ. ಗೊಬ್ಬರ, ನೀರು, ಕತ್ತರಿ ಎಲ್ಲ ನಿಮ್ಮ ತಮ್ಮನದ್ದೇ. ನನ್ನನ್ನು ಮುಟ್ಟಗೊಡುವುದಿಲ್ಲ.

ಮೂರನೆಯ ಬಳೆ ಎದ್ದಿದೆ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅದೂ ಕೈವಾರ ಹಿಡಿದು ಎಳೆದ ಹಾಗೆ ದುಂಡಗೆ. ಈಗ ಬಾವಿಯ ಹತ್ತಿರ ಒಂದು, ಗೇಟಿನಿಂದ ಒಳಗೆ ಬಂದ ಕೂಡಲೇ ಎಡಕ್ಕೆ ಒಂದು, ಕಲ್ಲಿನ ಹತ್ತಿರ ಒಂದು. ಜಗಲಿಯ ಎದುರಿನ ಹುಲ್ಲು ಮಾತ್ರ ಚೆನ್ನಾಗಿದೆ. ಔಷಧ ಮೂರು ಸಲ ಹೊಡೆಸಿದೆ, ಏನೂ ಆಗಲಿಲ್ಲ. ನನಗೆ ಸಾಕಾಗಿದೆ.

ಹುಲ್ಲಿನ ಮಾತು ಇರಲಿ. ಯಾರಿಗೂ ಹೇಳಬಾರದು ಅಂದುಕೊಂಡದ್ದನ್ನು ಬರೆದುಬಿಡುತ್ತೇನೆ, ನೀವು ಬೈದರೂ ಸರಿ. ಹೋದ ವಾರ ಇವರು ನಿಮ್ಮಲ್ಲಿಗೆ ಬರುತ್ತೇನೆಂದು ಬಸ್ಸು ಹತ್ತಿದವರು ಅಂಕೋಲೆಯಲ್ಲಿ ಇಳಿಯಲಿಲ್ಲ. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರಂತೆ. ಕಂಡಕ್ಟರ್ ಇವರ ಮೊಬೈಲಿನಿಂದ ನನಗೆ ಫೋನ್ ಮಾಡಿದ. ನಾನು ಟ್ಯಾಕ್ಸಿ ಮಾಡಿಕೊಂಡು ಹೋದೆ. ನನ್ನನ್ನು ನೋಡಿ ನಗುತ್ತಾ, "ನೀ ಯಾಕೆ ಬಂದ್ಯೆ ಇಲ್ಲಿ?" ಎಂದರು. ನಿದ್ದೆ ಹತ್ತಿತ್ತು ಎಂದು ದೀಕ್ಷಾಳಿಗೆ ಸುಳ್ಳು ಹೇಳಿದ್ದೇನೆ. ನನಗೂ ಅದನ್ನೇ ಹೇಳಿಕೊಂಡಿದ್ದೇನೆ.

ಒಂದೇ ಬೆಳಿಗ್ಗೆ ಲಾನನ್ನು ಎರಡು ಸಲ ಕತ್ತರಿಸುತ್ತಾರೆ. ಚಹಾ ಕುಡಿದು ಲೋಟ ಇಡುವ ಮೊದಲೇ ಚಹಾ ಕೊಡಲಿಲ್ಲ ಎನ್ನುತ್ತಾರೆ. ಅವರನ್ನು ಅವರ ಪಾಡಿಗೆ ಬಿಡು ಎಂದು ಬರೆದಿರಲ್ಲ, ಗೋದಕ್ಕ, ಹೇಗೆ ಬಿಡಲಿ ಹೇಳಿ. ನನಗೆ ಹೆದರಿಕೆಯಾಗುತ್ತಿದೆ. ಹುಲ್ಲಿಗೆ ಏನಾಗಿದೆ ಎಂದು ಊರಿನವರನ್ನೆಲ್ಲ ಕೇಳಿದೆ, ಇವರಿಗೆ ಏನಾಗಿದೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಬೇಬಿ


ಭಾವಿಕೇರಿ
3 ಫೆಬ್ರವರಿ 2025

ಬೇಬೀ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದೆ. ನೀತಾ ಬಂದು ಕಣ್ಣಿಗೇನಾಯಿತು ಎಂದು ಕೇಳಿದಳು. ಹೊಗೆ ಎಂದೆ. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ?

ಮೊದಲು ಹುಲ್ಲಿನದು ಹೇಳುತ್ತೇನೆ. ಬಾವಿಯ ಹತ್ತಿರ, ಗೇಟಿನ ಎಡಕ್ಕೆ, ಬಟ್ಟೆ ಕಲ್ಲಿನ ಪಕ್ಕ. ನೀನು ಜಾಗ ಬರೆದ ಕೂಡಲೇ ನನಗೆ ಗೊತ್ತಾಯಿತು. ಅವು ತೆಂಗಿನ ಮರಗಳು, ಬೇಬಿ. ನೀನು ಮದುವೆಯಾಗಿ ಬರುವ ಹೊತ್ತಿಗೆ ಅಲ್ಲಿ ಮರ ಇರಲಿಲ್ಲ, ಅದಕ್ಕೇ ನಿನಗೆ ಹೊಳೆಯಲಿಲ್ಲ. ನಾವು ಹುಟ್ಟಿ ಬೆಳೆದ ಹಂಚಿನ ಮನೆ ಅಲ್ಲೇ ಇತ್ತು. ಗೇಟಿನ ಹತ್ತಿರದ್ದು ಅಪ್ಪನ ಮರ, ಕಲ್ಲಿನ ಹತ್ತಿರದ್ದು ಅವ್ವನದ್ದು, ಬಾವಿಯ ಹತ್ತಿರದ್ದು ನಾನು ಹುಟ್ಟಿದಾಗ ನೆಟ್ಟದ್ದು, ನನ್ನದು.

ಮಳೆ ನಿಂತ ಮೇಲೆ ತೆಂಗಿಗೆ ಉಪ್ಪು ಹಾಕುತ್ತಾರೆ ಎಂಬುದು ನಿನಗೂ ಗೊತ್ತು. ಬುಡಕ್ಕೆ ತಾಗಿಸಿ ಹಾಕಬಾರದು, ಎರಡು ಮೊಳ ಬಿಟ್ಟು ಸುತ್ತ ಹಾಕಬೇಕು, ಆಮೇಲೆ ನೀರು ಬಿಡಬೇಕು ಎಂದು ಅಪ್ಪ ನಮಗೆ ಕಲಿಸಿದ್ದರು. ನಡುವೆ ಹಸಿರು ಉಳಿದದ್ದು ಯಾಕೆ ಅಂದರೆ ಅಲ್ಲಿ ಮರ ನಿಂತಿದೆ. ಅವನ ಲೆಕ್ಕದಲ್ಲಿ ಇನ್ನೂ ನಿಂತಿದೆ. ತೆಂಗಿಗೆ ಉಪ್ಪು ಆಗುತ್ತದೆ, ಹುಲ್ಲಿಗೆ ಆಗುವುದಿಲ್ಲ. ನಂಬಿಕೆ ಬಾರದಿದ್ದರೆ ಆ ಬಳೆಯ ಮಣ್ಣು ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡು.

ಉಪ್ಪು ನಾನೇ ಕೊಟ್ಟೆ. ನೀನು ಕೇಳಿರಬೇಕು ಎಂದು ನಾನು ಅಂದುಕೊಂಡೆ, ನಾನು ಕಳಿಸಿದೆ ಎಂದು ನೀನು ಅಂದುಕೊಂಡೆ.

ಇನ್ನು ನಾನು ಬಚ್ಚಿಟ್ಟದ್ದು. ಅಕ್ಟೋಬರಿನಲ್ಲಿ ಬಂದವನು ಊಟದ ಎಲೆಯ ಎದುರು ಕೂತು, "ಅಪ್ಪ ಪೇಟೆಯಿಂದ ಬರ್ಲಿಲ್ವಾ ಇನ್ನೂ?" ಎಂದು ಕೇಳಿದ. ನಾನು ಬರುತ್ತಾರೆ, ನೀನು ಉಣ್ಣು ಎಂದೆ. ಅವನು ಉಂಡ. ನಿನಗೆ ಬರೆಯಲಿಲ್ಲ. ಬರೆದರೆ ಅದು ನಿಜವಾಗಿಬಿಡುತ್ತದಲ್ಲ ಎಂದು ಸುಮ್ಮನಿದ್ದೆ. ನಿನ್ನ ಮೇಲೆ ಯೂರಿಯಾದ ಸಿಟ್ಟು ತೆಗೆದೆ. ನನ್ನನ್ನು ಕ್ಷಮಿಸು.

ಒಂದು ಮಾತು. ನನ್ನ ಮರವನ್ನು ಕಡಿಸಿದವನು ಅವನೇ. ಹೊಸ ಮನೆ ಕಟ್ಟುವಾಗ ನಾಲ್ಕನ್ನೂ ಕಡಿಸಿದ, ನನಗೊಂದು ಮಾತು ಕೇಳಲಿಲ್ಲ. ಒಂದು ವರ್ಷ ನಾನು ತವರಿಗೆ ಕಾಲಿಡಲಿಲ್ಲ. ಅವನು ಆಗ ಏನೂ ಹೇಳಲಿಲ್ಲ, ನಾನೂ ಮತ್ತೆ ಎತ್ತಲಿಲ್ಲ. ಆ ಮರಕ್ಕೆ ಈಗ ಉಪ್ಪು ಹಾಕುತ್ತಿದ್ದಾನಲ್ಲ ಬೇಬಿ.

ಗೋದಾವರಿ


ಕಾರವಾರ
12 ಫೆಬ್ರವರಿ 2025

ಗೋದಕ್ಕಾ,

ಮಣ್ಣು ನಾಲಿಗೆಗೆ ಇಟ್ಟೆ. ಉಪ್ಪು.

ಮಧ್ಯಾಹ್ನ ಊಟವಾದ ಮೇಲೆ ನಾನು ಸ್ವಲ್ಪ ಅಡ್ಡಾಗುತ್ತೇನೆ, ನಿಮಗೆ ಗೊತ್ತಲ್ಲ. ಮೊನ್ನೆ ಅಡ್ಡಾದ ಹಾಗೆ ಮಾಡಿ ಕಿಟಕಿಯ ಪರದೆ ಸರಿಸಿ ನೋಡಿದೆ. ಇವರು ಪಂಪ್‌ಶೆಡ್ಡಿನಿಂದ ಬಾಲ್ದಿ ತಂದರು. ಚೀಲ ಅಲ್ಲೇ ಇಟ್ಟಿದ್ದರು. ಬಾವಿಯ ಹತ್ತಿರ ನಿಂತು ಒಮ್ಮೆ ತಲೆಯೆತ್ತಿ ಮೇಲೆ ನೋಡಿದರು, ಕಾಯಿ ಎಷ್ಟು ಬಿಟ್ಟಿದೆ ಎಂದು ನೋಡುವ ಹಾಗೆ. ಆಮೇಲೆ ಸುತ್ತ ನಡೆಯುತ್ತಾ ಮುಷ್ಟಿಯಿಂದ ಉಪ್ಪು ಬಿಟ್ಟರು. ಜಾಗ ಅಳೆಯುವ ಮನುಷ್ಯ, ಒಂದು ಬೆರಳಿನಷ್ಟೂ ಆಚೀಚೆ ಆಗಲಿಲ್ಲ. ಪೈಪು ಹಿಡಿದು ನೀರು ಬಿಟ್ಟು ಕೈ ತೊಳೆದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಮುಖ ಶಾಂತವಾಗಿತ್ತು. ಈ ವರ್ಷದಲ್ಲಿ ಅಂಥ ಮುಖ ನಾನು ನೋಡಿಲ್ಲ.

ನಾನು ಅತ್ತೆ. ಹುಲ್ಲು ಉಳಿಯಲಿ ಎಂದು ನಾನು ಹೆಣಗುತ್ತಿದ್ದರೆ, ಅವರು ಹುಲ್ಲಿಗಾಗಿ ಎದ್ದೇ ಇರಲಿಲ್ಲ. ಬೈಯಲೂ ಆಗಲಿಲ್ಲ, ಉಪ್ಪು ಕಸಿದುಕೊಳ್ಳಲೂ ಆಗಲಿಲ್ಲ. ಕಸಿದುಕೊಂಡರೆ ಆ ಮುಖವೂ ಹೋಗುತ್ತದೆ.

ದೀಕ್ಷಾಳಿಗೆ ಎಲ್ಲ ಹೇಳಿದೆ. ಅವಳು ಹುಬ್ಬಳ್ಳಿಯಲ್ಲಿ ಡಾಕ್ಟರನ್ನು ಹುಡುಕಿದ್ದಾಳೆ. ಮುಂದಿನ ತಿಂಗಳು ಕರೆದುಕೊಂಡು ಹೋಗಬೇಕು. ಮರೆವಿನ ಕಾಯಿಲೆಯೇ ಇರಬೇಕು, ವಾಸಿಯಾಗುವುದಿಲ್ಲವಂತೆ, ನಿಧಾನ ಮಾಡಬಹುದಂತೆ. ನಿಜವಾಗಲಿ ಬಿಡಿ. ಸುಳ್ಳು ಹೊತ್ತು ಹೊತ್ತು ನನಗೆ ಸುಸ್ತಾಗಿದೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ನಾಲ್ಕು ಮರ ಎಂದು ಬರೆದಿದ್ದೀರಿ. ಬಳೆ ಮೂರೇ ಇವೆ. ನಾಲ್ಕನೆಯದು ಎಲ್ಲಿ?

ಬೇಬಿ


ಭಾವಿಕೇರಿ
17 ಫೆಬ್ರವರಿ 2025

ಬೇಬೀ,

ನಾಲ್ಕನೆಯದು ಜಗಲಿಯ ಎದುರು ಇತ್ತು. ರಾಮನ ಮರ. ಅದಕ್ಕೆ ಅವನು ಉಪ್ಪು ಹಾಕುವುದಿಲ್ಲ, ನೀನು ಎಷ್ಟು ಕಾದರೂ ಹಾಕುವುದಿಲ್ಲ.

ಚಿಕ್ಕವರಿದ್ದಾಗ ನಾವಿಬ್ಬರೂ ನಾಯಿ ಬೆಕ್ಕಿನ ಹಾಗೆ ಕಚ್ಚಾಡುತ್ತಿದ್ದೆವು. ನನ್ನ ಮರಕ್ಕೆ ಜಾಸ್ತಿ ಉಪ್ಪು, ನಿನ್ನದಕ್ಕೆ ಕಡಿಮೆ ಎಂದು ಅದಕ್ಕೂ ಜಗಳ. ಆಗ ಅಪ್ಪ ಒಂದು ಕಟ್ಟಳೆ ಮಾಡಿದರು. ತನ್ನ ಮರಕ್ಕೆ ತಾನು ಹಾಕಬಾರದು. ಅಕ್ಕನ ಮರ ತಮ್ಮ ನೋಡಬೇಕು, ತಮ್ಮನ ಮರ ಅಕ್ಕ ನೋಡಬೇಕು. ನನ್ನ ಮದುವೆಯಾದ ಮೇಲೂ ಪ್ರತಿ ವರ್ಷ ತವರಿಗೆ ಬಂದು ಅವನ ಮರಕ್ಕೆ ಉಪ್ಪು ಹಾಕಿ ಹೋಗುತ್ತಿದ್ದೆ. ಕಡಿಸಿದ ವರ್ಷ ನಿಂತದ್ದು. ಅವನ ಪಾಲಿನದನ್ನು ಅವನು ಈಗಲೂ ಮಾಡುತ್ತಿದ್ದಾನೆ, ನನ್ನ ಪಾಲಿನದು ಬಾಕಿ ಬಿದ್ದಿದೆ.

ಭಾನುವಾರ ನೀತಾ ಕಾರಿನಲ್ಲಿ ಕರೆದುಕೊಂಡು ಬರುತ್ತಾಳೆ. ಅವಳಿಗೂ ಹೇಳಿದೆ. ಹೊಳೆಯ ಬಿಳಿ ಮರಳನ್ನು, ಉಪ್ಪಿನಂತೆಯೇ ಕಾಣುವ ಹೊಯಿಗೆಯನ್ನು, ತೊಳೆದು ಒಣಗಿಸಿ ಚೀಲ ತುಂಬಿಟ್ಟಿದ್ದೇನೆ. ಪಂಪ್‌ಶೆಡ್ಡಿನ ಉಪ್ಪು ತೆಗೆದು ಅದನ್ನು ಇಟ್ಟುಬಿಡು. ಹೊಯಿಗೆಯಿಂದ ಹುಲ್ಲಿಗೆ ಏನೂ ಆಗುವುದಿಲ್ಲ. ಸುಟ್ಟ ಕಡೆ ದಿನಾ ನೀರು ಕಟ್ಟಿ ನಿಲ್ಲಿಸು, ಉಪ್ಪು ಇಳಿದು ಹೋಗುತ್ತದೆ. ಮಳೆ ಬಿದ್ದರೆ ಪೂರ್ತಿ ಸರಿಯಾಗುತ್ತದೆ. ಮಳೆ ನಿಂತ ಮೇಲೆಯೇ ಅವನು ಉಪ್ಪು ಹಾಕುವುದು, ಮಳೆಗಾಲದಲ್ಲಿ ಹುಲ್ಲು ಚೆನ್ನಾಗಿದ್ದದ್ದು ಅದಕ್ಕೇ.

ನನಗೆ ಅಡುಗೆ ಮಾಡಬೇಡ. ನೀನು ಮಲಗು, ನಾನು ಮಾಡುತ್ತೇನೆ.

ಗೋದಾವರಿ


ಕಾರವಾರ
9 ಮಾರ್ಚ್ 2025

ಗೋದಕ್ಕನಿಗೆ ನಮಸ್ಕಾರ.

ನೀವು ಹೋದ ಮೇಲೆ ಎಷ್ಟೋ ದಿನದಿಂದ ಬರೆಯಬೇಕು ಎಂದುಕೊಳ್ಳುತ್ತಿದ್ದೆ. ಹುಬ್ಬಳ್ಳಿಗೆ ಹೋಗಿ ಬಂದೆವು. ನಾವು ಅಂದುಕೊಂಡದ್ದೇ. ಮಾತ್ರೆ ಕೊಟ್ಟಿದ್ದಾರೆ, ಒಬ್ಬರನ್ನೇ ಬಸ್ಸಿಗೆ ಬಿಡಬೇಡಿ ಎಂದಿದ್ದಾರೆ. ಏನಾದರೂ ದಿನದ ಕೆಲಸ ಇದೆಯೇ ಎಂದು ಡಾಕ್ಟರು ಕೇಳಿದರು. ಇದೆ, ತೋಟ ನೋಡಿಕೊಳ್ಳುತ್ತಾರೆ ಎಂದೆ. ಬಿಡಿಸಬೇಡಿ ಎಂದರು. ದೀಕ್ಷಾ ಇನ್ನು ತಿಂಗಳಿಗೆ ಎರಡು ಸಲ ಬರುತ್ತಾಳಂತೆ. ಆ ದಿನ ನಾನು ಮಲಗುತ್ತೇನೆ.

ಹೊಯಿಗೆಯನ್ನು ಇವರು ಒಪ್ಪಿಕೊಂಡಿದ್ದಾರೆ. ಬಾವಿಯ ಹತ್ತಿರದ ಬಳೆಯಲ್ಲಿ ಹುಲ್ಲು ಅಲ್ಲಲ್ಲಿ ಚಿಗುರುತ್ತಿದೆ. ಗೇಟಿನದು ಇನ್ನೂ ಹಾಗೇ ಇದೆ.

ಈ ಕಾಗದ ಬರೆದದ್ದು ಬೇರೆ ಕಾರಣಕ್ಕೆ. ಅವತ್ತು ನೀವು ಸೆರಗು ಸಿಕ್ಕಿಸಿಕೊಂಡು ಹೊಯಿಗೆಯ ಬಾಲ್ದಿ ಹಿಡಿದು ಜಗಲಿಯ ಎದುರು ಇವರ ಮರಕ್ಕೆ ಸುತ್ತು ಹಾಕುತ್ತಿದ್ದಿರಲ್ಲ, ಆಗ ನಾವಿಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಇವರು ಏನೋ ಹೇಳಿದರು, ನೀವು ತಿರುಗಿ ನೋಡಲಿಲ್ಲ. ನಿಮಗೆ ಕೇಳಿಸಲಿಲ್ಲ ಎಂದು ನನಗೆ ಗೊತ್ತು. ಊಟಕ್ಕೆ ಕೂತಾಗ ನಾನು ಯಾಕೆ ಹಾಗೆ ನಕ್ಕೆ, ಆಮೇಲೆ ಯಾಕೆ ಎದ್ದು ಒಳಗೆ ಹೋದೆ ಎಂದು ನೀವು ಕೇಳಿದಿರಿ. ಕೂಗಿ ಹೇಳುವ ಮಾತಾಗಿರಲಿಲ್ಲ.

ಇವರು ನನ್ನ ಮೊಣಕೈ ಹಿಡಿದು ಜಗ್ಗಿದರು. ಕಣ್ಣು ನಿಚ್ಚಳವಾಗಿತ್ತು, ಮೊದಲಿನ ಹಾಗೆ. ಸಣ್ಣ ದನಿಯಲ್ಲಿ ಹೇಳಿದರು: "ಅಕ್ಕ ಎಂತಾ ಮಾಡ್ತಿದಾಳೆ ನೋಡೇ. ಅಲ್ಲಿ ಮರ ಎಲ್ಲಿ ಅದೆ? ನಾನೇ ಕಡಿಸಿದ್ದಲ್ವಾ ಎಲ್ಲಾ. ಪಾಪ, ಅಕ್ಕಂಗೆ ಮರೆವು ಸುರುವಾಗದೆ. ನೀ ಅವಳ ಎದುರಿಗೆ ಹೇಳೂಕೆ ಹೋಗ್ಬೇಡ, ಬೇಜಾರ್ ಮಾಡ್ಕಂತಾಳೆ. ಹಾಕ್ಲಿ ಬಿಡು."

ನಾನು ಆಯ್ತು, ಹೇಳುವುದಿಲ್ಲ ಎಂದೆ. ಈಗ ಬರೆದು ಮಾತು ತಪ್ಪಿದ್ದೇನೆ.

ನಾಳೆ ಸೋಮವಾರ, ಗಂಗೆ ಕೆಲಸಕ್ಕೆ ಬರುತ್ತಾಳೆ. ಅವಳ ಹತ್ತಿರ ಹೊಯಿಗೆ ಜರಡಿ ಹಿಡಿಸಿ ಇಡುತ್ತೇನೆ. ಮುಂದಿನ ತಿಂಗಳು ಬನ್ನಿ. ಅಕ್ಕ ಯಾವಾಗ ಬರುತ್ತಾಳೆ, ಒಬ್ಬಳೇ ಬಸ್ಸಿನಲ್ಲಿ ಬರುವುದು ಬೇಡ ಎಂದು ಹೇಳು ಎಂದು ಇವರು ದಿನಾ ಹೇಳುತ್ತಿದ್ದಾರೆ.

ನಿಮ್ಮ
ಬೇಬಿ